ಒಂದೇ ಬಿಟ್‌ನ ದನಿ: ಹಳೆಯ ಕಂಪ್ಯೂಟರ್‌ಗಳ ಒಳಸ್ಪೀಕರ್ ದಾಟಿಬಂದ ದಾರಿ

ಹಳೆಯ ಕಂಪ್ಯೂಟರ್‌ಗಳಿಗೆ ಮತ್ತೆ ಜೀವ ಕೊಡುವವರ ನಡುವೆ ಬಗೆಹರಿಯದ ಚರ್ಚೆಯೊಂದಿದೆ. ಒಳಗಿನ ಸ್ಪೀಕರ್ ಕೀರಲು ದನಿ ಹೊರಡಿಸಿದರೆ ಏನು ಮಾಡಬೇಕು? ಸ್ಪೀಕರನ್ನೇ ಬದಲಿಸಿ ಎನ್ನುತ್ತಾರೆ ಕೆಲವರು. ತಂತಿ ಎಳೆದು ಆಂಪ್ಲಿಫೈಯರ್‌ಗೆ ಕೊಡಿ ಎನ್ನುವವರಿದ್ದಾರೆ, ತೊಂದರೆ ಇರುವುದು ಪ್ರೋಗ್ರಾಮಿನಲ್ಲಿ ಎನ್ನುವವರೂ ಇದ್ದಾರೆ. ಅವರವರ ಮಟ್ಟಿಗೆ ಎಲ್ಲರೂ ಸರಿಯೇ, ಏಕೆಂದರೆ ಒಬ್ಬೊಬ್ಬರ ಮನಸ್ಸಿನಲ್ಲಿರುವುದು ಒಂದೊಂದು ಕಾಲದ ಯಂತ್ರ.

1977ರ ಆಪಲ್ 2ರಲ್ಲಿ 49200ನೇ ಮೆಮೊರಿ ವಿಳಾಸವನ್ನು ಓದಿದರೆ ಸಾಕು, ಸ್ಪೀಕರಿನ ಕೋನ್, ಅಂದರೆ ಅಲುಗಾಡಿ ದನಿ ಹೊರಡಿಸುವ ಶಂಕುವಿನಾಕಾರದ ಪೊರೆ, ಒಮ್ಮೆ ಮಿಸುಕುತ್ತಿತ್ತು. ಸ್ವರ ಬೇಕೆಂದರೆ ಪ್ರೊಸೆಸರ್ ಬೇರೆಲ್ಲ ಕೆಲಸ ಬಿಟ್ಟು ಅದನ್ನೇ ಓದುತ್ತಾ ಕೂರಬೇಕು. 1981ರ ಐಬಿಎಂ ಪಿಸಿ ಈ ಹೊರೆಯನ್ನು ಇಂಟೆಲ್ 8253 ಎಂಬ ಟೈಮರ್ ಚಿಪ್‌ಗೆ ವಹಿಸಿತು. ಸೆಕೆಂಡಿಗೆ ಸುಮಾರು 11.93 ಲಕ್ಷ ಮಿಡಿತದ ಗಡಿಯಾರವನ್ನು ಒಂದು ಸಂಖ್ಯೆಯಿಂದ ಭಾಗಿಸಿದರೆ ಬೇಕಾದ ಸ್ವರ ಸಿಗುತ್ತದೆ. ಆದರೆ ಚಿಪ್‌ನಿಂದ ಸ್ಪೀಕರ್‌ಗೆ ಹೋಗುವ ಸಂಕೇತಕ್ಕೆ ಇರುವುದು ಎರಡೇ ಸ್ಥಿತಿ, ಇದೆ ಅಥವಾ ಇಲ್ಲ, ಅಂದರೆ ಒಂದೇ ಬಿಟ್. ದನಿಯನ್ನು ಏರಿಸಿ ಇಳಿಸುವ ವ್ಯವಸ್ಥೆಯೇ ಇಲ್ಲ.

ಇದರಿಂದ ಮನುಷ್ಯನ ಮಾತು, ಡೋಲಿನ ಪೆಟ್ಟು ಹೊರಡಿಸಿದ್ದು ಆ ಕಾಲದ ನಿಜವಾದ ಸಾಧನೆ. ಫ್ಯಾನಿನ ಸ್ವಿಚ್ಚನ್ನು ಪಟಪಟನೆ ಹಾಕಿ ತೆಗೆಯುತ್ತಿದ್ದರೆ ರೆಕ್ಕೆ ನಿಲ್ಲುವುದೂ ಇಲ್ಲ, ಪೂರ್ಣ ವೇಗಕ್ಕೆ ಏರುವುದೂ ಇಲ್ಲ, ನಡುವಿನ ಯಾವುದೋ ವೇಗದಲ್ಲಿ ತಿರುಗುತ್ತದೆ. ಸ್ಪೀಕರಿನ ಕೋನ್‌ಗೂ ತೂಕವಿದೆ, ಜಡತ್ವವಿದೆ. ಟೈಮರಿನ ಪ್ರತಿ 64 ಮಿಡಿತಕ್ಕೊಂದು ಪಲ್ಸ್ (ಕ್ಷಣಮಾತ್ರದ ವಿದ್ಯುತ್ ಸಂಕೇತ) ಕಳುಹಿಸಿ, ಅದರ ಅಗಲವನ್ನು ಹಿಗ್ಗಿಸಿ ಕುಗ್ಗಿಸಿದರೆ ಕೋನ್ 64 ಮಟ್ಟಗಳ ನಡುವೆ ಓಲಾಡುತ್ತದೆ. ಆಗ ಪಲ್ಸ್‌ಗಳ ವೇಗ ಸೆಕೆಂಡಿಗೆ ಸುಮಾರು 18,600. ಅಷ್ಟು ಮೇಲಿನ ಸ್ವರಕ್ಕೆ ಕೋನ್ ಸ್ಪಂದಿಸುವುದೂ ಕಷ್ಟ, ಕಿವಿ ಹಿಡಿಯುವುದೂ ಕಷ್ಟ. 4.77 ಮೆಗಾಹರ್ಟ್ಝ್‌ನ 8088 ಪ್ರೊಸೆಸರಿಗೆ ಪ್ರತಿ ಪಲ್ಸ್‌ನ ನಡುವೆ ಸಿಗುವುದು 256 ಗಡಿಯಾರ ಮಿಡಿತ ಮಾತ್ರ. ಮುಂದಿನ ಮಟ್ಟವನ್ನು ಓದಿ, ಟೈಮರ್‌ಗೆ ಬರೆದು, ಅಷ್ಟರೊಳಗೇ ಹಿಂತಿರುಗಬೇಕು. 1980ರ ದಶಕದ ಕೊನೆಯಲ್ಲಿ ಆಕ್ಸೆಸ್ ಸಾಫ್ಟ್‌ವೇರ್ ಕಂಪನಿ ಪಲ್ಸ್‌ನ ಅಗಲವನ್ನೇ ನಂಬಿದ ಇಂಥ ವಿಧಾನವನ್ನು ‘ರಿಯಲ್‌ಸೌಂಡ್’ ಎಂಬ ಹೆಸರಿನಲ್ಲಿ ಆಟಗಳಿಗೆ ತಂದಿತು. 2015ರಲ್ಲಿ ‘8088 ಎಂಪಿಎಚ್’ ಎಂಬ ಡೆಮೊ (ಯಂತ್ರದ ಸಾಮರ್ಥ್ಯ ಮೆರೆಸಲೆಂದೇ ಬರೆದ ಪ್ರೋಗ್ರಾಮ್) ಮೂಲ ಐಬಿಎಂ ಪಿಸಿಯ ಸ್ಪೀಕರಿನಿಂದಲೇ ನಾಲ್ಕು ವಾದ್ಯಗಳ ಸಂಗೀತ ನುಡಿಸಿತು.

1987ರಲ್ಲಿ ಆಡ್‌ಲಿಬ್, 1989ರಲ್ಲಿ ಸೌಂಡ್ ಬ್ಲಾಸ್ಟರ್ ಎಂಬ ಪ್ರತ್ಯೇಕ ಸೌಂಡ್ ಕಾರ್ಡ್‌ಗಳು ಬಂದ ಮೇಲೆ ಒಳಸ್ಪೀಕರಿನ ಪಾಲಿಗೆ ಎಚ್ಚರಿಕೆಯ ಬೀಪ್ ಅಷ್ಟೇ ಉಳಿಯಿತು. ಬೀಪ್‌ಗೆ ಕೋನ್ ಏಕೆ ಎಂಬ ಲೆಕ್ಕಾಚಾರದಲ್ಲಿ ಸುಮಾರು 57 ಮಿಲಿಮೀಟರ್ ಅಗಲದ ಸ್ಪೀಕರಿನ ಜಾಗಕ್ಕೆ ವಿದ್ಯುತ್ ಹರಿಸಿದರೆ ಬಾಗಿ ಸದ್ದು ಮಾಡುವ ಪೀಝೋ ಬಿಲ್ಲೆಗಳೂ ಪುಟ್ಟ ಬಝರ್‌ಗಳೂ ಬಂದು ಕುಳಿತವು. ಕೆಲವು ಕಿಲೋಹರ್ಟ್ಝ್‌ನ ಒಂದು ಸ್ವರದ ಬಳಿ ಅವು ಕಿರುಚುತ್ತವೆ, ಕೆಳಗಿನ ಸ್ವರಗಳಲ್ಲಿ ಬಹುತೇಕ ಮೂಕ. ಹಳೆಯ ಪ್ರೋಗ್ರಾಮನ್ನು ಇಂಥ ಯಂತ್ರದಲ್ಲಿ ಕೇಳಿ, ಪಿಸಿ ಸ್ಪೀಕರ್ ಎಂದರೆ ಇಷ್ಟೇ ಎಂದು ತೀರ್ಮಾನಿಸಿದವರು ಬಹಳ ಮಂದಿ. ಆ ಪ್ರೋಗ್ರಾಮ್‌ಗಳು ನೆಚ್ಚಿಕೊಂಡಿದ್ದ ಕೋನ್ ಅಲ್ಲಿ ಇರಲೇ ಇಲ್ಲ.

ಹಾಗಾಗಿ ಮೊದಲು ಕ್ಯಾಬಿನೆಟ್ ತೆರೆದು ಒಳಗಿರುವುದು ಏನೆಂದು ನೋಡಬೇಕು. ಬಝರ್ ಇದ್ದರೆ 8 ಓಮ್‌ನ ಕಾಗದದ ಕೋನ್ ಹಾಕುವುದೇ ದೊಡ್ಡ ಸುಧಾರಣೆ. 4 ಓಮ್‌ನದು ಬೇಡ, ಅದನ್ನು ನಡೆಸುವ ಟ್ರಾನ್ಸಿಸ್ಟರಿನ ಮೇಲೆ ಹೊರೆ ಹೆಚ್ಚುತ್ತದೆ. ಸ್ಪೀಕರನ್ನು ತಂತಿಯಲ್ಲಿ ನೇತುಬಿಡಲೂ ಬಾರದು: ಕೋನಿನ ಮುಂಭಾಗದಿಂದ ಹೊರಡುವ ಅಲೆಯೂ ಹಿಂಭಾಗದಿಂದ ಹೊರಡುವ ಅಲೆಯೂ ಪರಸ್ಪರ ಅಳಿಸಿಹಾಕಿ ಮಂದ್ರ ಸ್ವರ ಮಾಯವಾಗುತ್ತದೆ. ತೂತು ಕೊರೆದ ಗಟ್ಟಿ ಹಲಗೆಗೆ ಬಿಗಿದರೆ ಅದೇ ಸ್ಪೀಕರ್ ತುಂಬಿ ನುಡಿಯುತ್ತದೆ.

ಆಂಪ್ಲಿಫೈಯರ್‌ಗೆ ತಂತಿ ಎಳೆಯುವವರು ಇನ್ನೂ ಜೋಪಾನವಾಗಿರಬೇಕು. ಅನೇಕ ಮದರ್‌ಬೋರ್ಡ್‌ಗಳಲ್ಲಿ ಸ್ಪೀಕರಿನ ಒಂದು ಪಿನ್ ನೇರ 5 ವೋಲ್ಟ್. ಅದನ್ನು ಆಂಪ್ಲಿಫೈಯರಿನ ಗ್ರೌಂಡ್‌ಗೆ ಜೋಡಿಸಿದರೆ ಶಾರ್ಟ್ ಆಗುತ್ತದೆ. ಸಂಕೇತದ ಪಿನ್ನಿನಿಂದ ಕೆಪಾಸಿಟರ್ ಮೂಲಕ ತೆಗೆದು, ರೆಸಿಸ್ಟರ್‌ಗಳಿಂದ ಮಟ್ಟ ಇಳಿಸಿ, ಗ್ರೌಂಡನ್ನು ಕಂಪ್ಯೂಟರಿನ ಗ್ರೌಂಡಿನಿಂದಲೇ ಪಡೆಯಬೇಕು. ಒಳ್ಳೆಯ ಆಂಪ್ಲಿಫೈಯರ್‌ಗೆ ಕೋನ್‌ನ ಜಡತ್ವ ಇರುವುದಿಲ್ಲ, ಆದ್ದರಿಂದ ಪಲ್ಸ್‌ಗಳ ಸಿಳ್ಳೆಯೂ ಜೊತೆಗೆ ಬರುತ್ತದೆ. 1 ಕಿಲೋಓಮ್ ರೆಸಿಸ್ಟರ್ ಮತ್ತು 22 ನ್ಯಾನೋಫ್ಯಾರಡ್ ಕೆಪಾಸಿಟರಿನ ಫಿಲ್ಟರ್ ಸುಮಾರು 7,200 ಹರ್ಟ್ಝ್‌ನಿಂದ ಮೇಲಿನದನ್ನು ತಗ್ಗಿಸುತ್ತದೆ. ಬರೀ ಬೀಪ್‌ಗಳ ಆಟಗಳಲ್ಲಿ ಅದೇ ಫಿಲ್ಟರ್ ದನಿಯ ಚುರುಕನ್ನು ಮೊಂಡಾಗಿಸುವುದರಿಂದ, ಕೆಪಾಸಿಟರಿನ ಜೊತೆಗೊಂದು ಸ್ವಿಚ್ ಇಟ್ಟು ಬೇಡದಾಗ ಬಿಡಿಸಿಕೊಳ್ಳುವುದು ಒಳ್ಳೆಯದು.