ಜೊಂಡು ನೆಟ್ಟರೆ ಲೀಚೆಟ್ ಶುದ್ಧವಾಗುತ್ತಾ?

ಕಸದ ಗುಡ್ಡದಿಂದ ಇಳಿಯುವ ಕಪ್ಪು ನೀರೇ ಲೀಚೆಟ್. ಅದಕ್ಕೆ ಜಲ್ಲಿ ತುಂಬಿ ಜೊಂಡು ಬೆಳೆಸಿದ ಕೃತಕ ಜೌಗು ಕಟ್ಟಿದರೆ ಸಾಕು ಅಂತ ತುಂಬಾ ಜನ ನಂಬಿದ್ದಾರೆ. ಕರೆಂಟು ಬೇಡ, ಕೆಮಿಕಲ್ ಬೇಡ, ನೋಡೋಕೂ ಹಸಿರು. ನಾನು ಮೊದಲು ಕೇಳುವುದು ಕಸದ ವಯಸ್ಸನ್ನು.

ಹೊಸ ಕಸದ ಲೀಚೆಟ್‌ನಲ್ಲಿ ಸಿಒಡಿ (ನೀರಿನ ಕೊಳೆಯನ್ನು ರಾಸಾಯನಿಕವಾಗಿ ಕಳೆಯಲು ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 20 ಸಾವಿರ ಮಿಲಿಗ್ರಾಂ ದಾಟುವುದು ಮಾಮೂಲಿ. ಅದನ್ನು ನೇರ ಜೌಗಿಗೆ ಬಿಟ್ಟರೆ ಜಲ್ಲಿಯ ಸಂದು ಕಟ್ಟಿಕೊಳ್ಳುತ್ತದೆ, ಗಿಡ ಸಾಯುತ್ತದೆ. ಹತ್ತು ವರ್ಷ ದಾಟಿದ ಗುಡ್ಡದಲ್ಲಿ ಸುಲಭವಾಗಿ ಕೊಳೆಯುವುದೆಲ್ಲ ಒಳಗೇ ಕೊಳೆತಿರುತ್ತದೆ. ಆದರೆ ಅಮೋನಿಯಾ ಮಾತ್ರ ದಶಕಗಟ್ಟಲೆ ಹೊರಗೆ ಬರುತ್ತಲೇ ಇರುತ್ತದೆ. ಬೆಂಗಳೂರಿನ ಹೊರಗಿನ ಮಾವಳ್ಳಿಪುರದ ಕಸದ ಗುಡ್ಡಕ್ಕೆ 2012ರಲ್ಲೇ ಲಾರಿಗಳು ಬರುವುದು ನಿಂತಿತು. ಲಾರಿ ನಿಂತ ಮಾತ್ರಕ್ಕೆ ಲೀಚೆಟ್ ನಿಲ್ಲಲ್ಲ. ಇಂಥ ಹಳೇ ಗುಡ್ಡಗಳಿಗೇ ಜೌಗು ಸರಿಹೋಗುವುದು.

ಈಗ ಲೆಕ್ಕ ಹಾಕೋಣ. ದಿನಕ್ಕೆ 50 ಸಾವಿರ ಲೀಟರ್ ಲೀಚೆಟ್, ಲೀಟರಿಗೆ 800 ಮಿಲಿಗ್ರಾಂ ಅಮೋನಿಯಾ ಸಾರಜನಕ ಅಂತಿಟ್ಟುಕೊಳ್ಳಿ. ಒಟ್ಟು 40 ಕೆ.ಜಿ. ಬ್ಯಾಕ್ಟೀರಿಯಾಗಳು ಒಂದು ಕೆ.ಜಿ.ಯನ್ನು ನೈಟ್ರೇಟ್ ಮಾಡಲು ಸುಮಾರು 4.6 ಕೆ.ಜಿ. ಆಮ್ಲಜನಕ ಬೇಕು. ಅಲ್ಲಿಗೆ ದಿನಕ್ಕೆ 180 ಕೆ.ಜಿ. ದಾಟಿತು. ನೀರು ಅಡ್ಡಡ್ಡ ಹರಿಯುವ, ಸದಾ ಮುಳುಗಿರುವ ಜಲ್ಲಿ ಹಾಸಿಗೆಗೆ ಒಂದು ಚದರ ಮೀಟರಿನಲ್ಲಿ ದಿನಕ್ಕೆ ಐದಾರು ಗ್ರಾಂ ಆಮ್ಲಜನಕ ಸಿಕ್ಕರೆ ಪುಣ್ಯ. ಅಂದರೆ ಎಂಟೊಂಬತ್ತು ಎಕರೆ ಬೇಕು! ಅದೇ ನೀರನ್ನು ಮೇಲಿನಿಂದ ಬಿಟ್ಟು ಬಿಟ್ಟು ಸುರಿದು, ನಡುವೆ ಹಾಸಿಗೆ ಬಸಿದು ಗಾಳಿ ಎಳೆದುಕೊಳ್ಳಲು ಬಿಟ್ಟರೆ ಸುಮಾರು 30 ಗ್ರಾಂ ಸಿಗುತ್ತದೆ. ಆಗ ಒಂದೂವರೆ ಎಕರೆ ಸಾಕು. ಅದೂ ಬರೀ ಅಮೋನಿಯಾದ ಲೆಕ್ಕ, ಸಿಒಡಿ ಇನ್ನೂ ಸೇರಿಲ್ಲ.

ಜೊಂಡು, ಲಾವಂಚ ಸುಮ್ನೆ ಅಲಂಕಾರಕ್ಕಲ್ಲ. ಬೇರು ಬ್ಯಾಕ್ಟೀರಿಯಾಗಳಿಗೆ ನೆಲೆ ಕೊಡುತ್ತದೆ, ಹಾಸಿಗೆ ಕಟ್ಟಿಕೊಳ್ಳದಂತೆ ಸ್ವಲ್ಪ ತಡೆಯುತ್ತದೆ. ಆದರೆ ಗಿಡ ತಾನಾಗಿ ಹೀರುವ ಸಾರಜನಕ ಈ 40 ಕೆ.ಜಿ. ಮುಂದೆ ತೀರಾ ಕಡಿಮೆ. ಯಾವ ಗಿಡ ಅಂತ ಗಂಟೆಗಟ್ಟಲೆ ಚರ್ಚೆ ಮಾಡುವವರು ಗಾಳಿಯ ಬಗ್ಗೆ ಕೇಳುವುದೇ ಇಲ್ಲ.

ಹುಟ್ಟಿದ ನೈಟ್ರೇಟನ್ನು ಹೋಗಲಾಡಿಸಲು ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ಕೊಳೆಯುವ ಇಂಗಾಲ ಬೇಕು. ಹಳೇ ಲೀಚೆಟ್‌ನಲ್ಲಿ ಅದು ತೀರಾ ಕಡಿಮೆ. ಕಸದಲ್ಲಿ ಉಳಿದ ಇಂಗಾಲ ಸಿಗಲಿ ಅಂತ ಒಂದಷ್ಟು ನೀರನ್ನು ವಾಪಸ್ ಗುಡ್ಡದೊಳಗೆ ಬಿಡುವುದು ಒಳ್ಳೇ ದಾರಿ, ಇಳಿಜಾರು ಗಟ್ಟಿಯಿದ್ದರೆ ಮಾತ್ರ.

ಜೌಗಿನ ಕೈಲಾಗದ್ದು ಉಪ್ಪು. 2016ರ ಘನತ್ಯಾಜ್ಯ ನಿಯಮಗಳಲ್ಲಿ ಹಳ್ಳ, ಕೆರೆಗೆ ಬಿಡುವ ನೀರಿನಲ್ಲಿ ಲೀಟರಿಗೆ ಅಮೋನಿಯಾ ಸಾರಜನಕ 50, ಕ್ಲೋರೈಡ್ (ಉಪ್ಪಿನ ಅಂಶ) 1000 ಮಿಲಿಗ್ರಾಂ ಮೀರಬಾರದು ಅಂತಿತ್ತು. ಮೊದಲನೆಯದನ್ನು ಸಾಧಿಸಬಹುದು. ಎರಡನೆಯದು ಬೇಸಿಗೆಯಲ್ಲಿ ಏರುತ್ತದೆ, ಯಾಕಂದ್ರೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ.

ಹಾಗಾಗಿ ಮೊದಲ ದುಡ್ಡು ಗುಡ್ಡದ ಮೇಲಿನ ಹೊದಿಕೆಗೆ ಹೋಗಬೇಕು. ಬೆಂಗಳೂರಿನಲ್ಲಿ ವರ್ಷಕ್ಕೆ 900 ಮಿ.ಮೀ. ಮಳೆ ಅಂದುಕೊಂಡರೂ ಒಂದು ಹೆಕ್ಟೇರ್ ತೆರೆದ ಕಸದ ಮೇಲೆ 90 ಲಕ್ಷ ಲೀಟರ್ ಬೀಳುತ್ತದೆ. ಅದರಲ್ಲಿ ಒಳಗಿಳಿದಷ್ಟೂ ಲೀಚೆಟ್ಟೇ. ಹೊದಿಕೆಯ ಅಂದಾಜುಪಟ್ಟಿ ತಯಾರಾಗದೆ ನಾನು ಜೌಗಿನ ಅಳತೆ ಹೇಳುವುದಿಲ್ಲ.