ಊಪ್ಸ್ ಕಲಿಯಲು ಪುಸ್ತಕ ಆರಿಸುವಾಗ ಮೊದಲು ತೆರೆಯಬೇಕಾದ ಪುಟ

ಆಬ್ಜೆಕ್ಟ್ ಓರಿಯೆಂಟೆಡ್ ಪ್ರೋಗ್ರಾಮಿಂಗ್‌ಗೆ, ಅಂದರೆ ನಾವೆಲ್ಲ ಊಪ್ಸ್ ಅನ್ನುವ ವಿಷಯಕ್ಕೆ, ಪುಸ್ತಕ ಹುಡುಕುವಾಗ ಹೆಚ್ಚಿನವರು ಪರಿವಿಡಿ ನೋಡುತ್ತಾರೆ. ಎನ್‌ಕ್ಯಾಪ್ಸುಲೇಷನ್ (ಡೇಟಾವನ್ನು ಒಳಗಿಟ್ಟು ಕಾಪಾಡುವುದು) ಇದೆಯಾ, ಇನ್‌ಹೆರಿಟೆನ್ಸ್ (ಒಂದರ ಗುಣವನ್ನು ಇನ್ನೊಂದು ಪಡೆಯುವುದು) ಇದೆಯಾ, ಪಾಲಿಮಾರ್ಫಿಸಂ (ಒಂದೇ ಕರೆಗೆ ಪ್ರತಿ ಆಬ್ಜೆಕ್ಟ್ ತನ್ನದೇ ರೀತಿಯಲ್ಲಿ ಉತ್ತರಿಸುವುದು) ಇದೆಯಾ? ಎಲ್ಲ ಪುಸ್ತಕದಲ್ಲೂ ಇರುತ್ತದೆ. ಹಾಗಾಗಿ ಪರಿವಿಡಿಯಿಂದ ಏನೂ ಗೊತ್ತಾಗುವುದಿಲ್ಲ. ನಾನು ನೋಡುವುದು ಪುಸ್ತಕದಲ್ಲಿ ಬರುವ ಮೊದಲ ಕ್ಲಾಸ್ (ಡೇಟಾ ಮತ್ತು ಅದರ ಕೆಲಸ ಒಟ್ಟಿಗಿರುವ ಅಚ್ಚು, ಅದರಿಂದ ಮಾಡಿದ್ದೇ ಆಬ್ಜೆಕ್ಟ್) ಯಾವುದು, ಅದು ಏನು ಕೆಲಸ ಮಾಡುತ್ತದೆ ಅಂತ. ಆ ಎರಡು ಮೂರು ಪುಟದಲ್ಲೇ ಬರೆದವರ ಕೈ ಗೊತ್ತಾಗಿಬಿಡುತ್ತದೆ.

ಬ್ಯಾಂಕ್ ಅಕೌಂಟ್ ಉದಾಹರಣೆಯನ್ನೇ ತೆಗೆದುಕೊಳ್ಳೋಣ, ಬಹಳ ಕಡೆ ಸಿಗುತ್ತದೆ. ಒಂದು ಬಗೆಯ ಪುಸ್ತಕದಲ್ಲಿ ಹೀಗಿರುತ್ತದೆ: ಬ್ಯಾಲೆನ್ಸ್ ಅನ್ನುವ ಒಂದು ಪ್ರೈವೇಟ್ (ಹೊರಗಿನ ಕೋಡ್ ನೇರವಾಗಿ ಮುಟ್ಟಲಾಗದ) ವೇರಿಯಬಲ್, ಅದನ್ನು ಓದಲು ಒಂದು ಗೆಟರ್, ಬದಲಿಸಲು ಒಂದು ಸೆಟರ್. ಸೆಟರ್‌ಗೆ 500 ಕೊಟ್ಟು, ಗೆಟರ್‌ನಿಂದ ಓದಿ, ಪ್ರಿಂಟ್ ಮಾಡಿ ಮುಗಿಸುತ್ತಾರೆ. ಕೆಳಗೆ ‘ಡೇಟಾ ಈಗ ಸುರಕ್ಷಿತ, ಇದೇ ಎನ್‌ಕ್ಯಾಪ್ಸುಲೇಷನ್’ ಅಂತ ಒಂದು ಸಾಲು. ಅದೇ ಸೆಟರ್‌ಗೆ ಮೈನಸ್ 800 ಕೊಟ್ಟು ನೋಡಿ. ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಹಾಗಾದರೆ ಪ್ರೈವೇಟ್ ಅಂತ ಬರೆದು ಏನು ಕಾಪಾಡಿದಂತಾಯಿತು?

ಇನ್ನೊಂದು ಬಗೆಯ ಪುಸ್ತಕದಲ್ಲಿ ಸೆಟರ್ ಇರುವುದೇ ಇಲ್ಲ. ಡೆಪಾಸಿಟ್ ಮತ್ತು ವಿತ್‌ಡ್ರಾ ಅಂತ ಎರಡು ಮೆಥಡ್, ಅಂದರೆ ಕ್ಲಾಸ್ ಒಳಗಿನ ಫಂಕ್ಷನ್, ಇರುತ್ತವೆ. 500 ಇರುವಾಗ 800 ಕೇಳಿದರೆ ವಿತ್‌ಡ್ರಾ ಒಪ್ಪುವುದಿಲ್ಲ. ಡೆಪಾಸಿಟ್‌ಗೆ ಮೈನಸ್ ಸಂಖ್ಯೆ ಕೊಟ್ಟರೆ ಅದೂ ನಡೆಯುವುದಿಲ್ಲ. ಬ್ಯಾಲೆನ್ಸ್ ಸೊನ್ನೆಗಿಂತ ಕೆಳಗೆ ಇಳಿಯಬಾರದು ಅನ್ನುವ ನಿಯಮ ಒಂದೇ ಜಾಗದಲ್ಲಿ ಕೂತಿದೆ. ನಾಳೆ ಪ್ರೋಗ್ರಾಂ ಎಷ್ಟೇ ಬೆಳೆಯಲಿ, ಬ್ಯಾಲೆನ್ಸ್ ಎಡವಟ್ಟಾದರೆ ಹುಡುಕಬೇಕಾದದ್ದು ಈ ಒಂದು ಕ್ಲಾಸ್‌ನಲ್ಲಿ ಮಾತ್ರ. ಊಪ್ಸ್ ಯಾಕೆ ಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಾ? ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ: ಈ ಪುಸ್ತಕದ ಮೊದಲ ಕ್ಲಾಸ್ ಯಾವುದಕ್ಕಾದರೂ ‘ಆಗಲ್ಲ’ ಅನ್ನುತ್ತದೆಯಾ?

ಅದೇ ಅಧ್ಯಾಯದಲ್ಲಿ ಇನ್ನೊಂದು ವಿಷಯ ಹುಡುಕಿ. ಒಂದು ಅಕೌಂಟ್ ಆಬ್ಜೆಕ್ಟ್ ಮಾಡಿ ‘ಎ’ ಅನ್ನುವ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ. ನಂತರ ‘ಬಿ’ಗೆ ‘ಎ’ಯನ್ನು ಅಸೈನ್ ಮಾಡಿದಿರಿ. ಈಗ ‘ಬಿ’ಯಿಂದ 100 ತೆಗೆದರೆ ‘ಎ’ಯಲ್ಲಿ ಎಷ್ಟಿರುತ್ತದೆ? ಜಾವಾ, ಪೈಥಾನ್ ಎರಡರಲ್ಲೂ 100 ಕಡಿಮೆಯಾಗಿರುತ್ತದೆ, ಯಾಕೆಂದರೆ ಎರಡೂ ಹೆಸರು ತೋರಿಸುವುದು ಒಂದೇ ಆಬ್ಜೆಕ್ಟನ್ನು. ಸಿ ಪ್ಲಸ್ ಪ್ಲಸ್‌ನಲ್ಲಿ ಸಾಮಾನ್ಯ ಆಬ್ಜೆಕ್ಟ್ ಆದರೆ ಪೂರ್ತಿ ನಕಲು ಆಗುತ್ತದೆ, ‘ಎ’ ಇದ್ದ ಹಾಗೇ ಇರುತ್ತದೆ. ಇದನ್ನು ಚೌಕ, ಬಾಣ ಬರೆದು ತೋರಿಸುವ ಪುಸ್ತಕ ಸಿಕ್ಕರೆ ಬಿಡಬೇಡಿ. ಇದು ಮನಸ್ಸಿಗೆ ಕೂರದೆ ಮುಂದೆ ಹೋದವರಿಗೆ ಲಿಸ್ಟ್‌ನಲ್ಲಿ ಆಬ್ಜೆಕ್ಟ್ ಇಡುವ ಹೊತ್ತಿಗೆ ತಲೆ ಕೆಟ್ಟುಹೋಗುತ್ತದೆ.

ಇನ್‌ಹೆರಿಟೆನ್ಸ್ ಅಧ್ಯಾಯಕ್ಕೆ ಬಂದರೆ ಅನಿಮಲ್ ಅಂತ ಒಂದು ಕ್ಲಾಸ್, ಅದರ ಕೆಳಗೆ ಡಾಗ್ ಮತ್ತು ಕ್ಯಾಟ್. ಒಂದು ‘ಬೌ’ ಅಂತ ಪ್ರಿಂಟ್ ಮಾಡುತ್ತದೆ, ಇನ್ನೊಂದು ‘ಮಿಯಾಂವ್’. ಸಿಂಟ್ಯಾಕ್ಸ್ ಗೊತ್ತಾಗುತ್ತದೆ, ನಿಜ. ಆದರೆ ಇನ್‌ಹೆರಿಟೆನ್ಸ್ ಇಲ್ಲದಿದ್ದರೆ ಏನು ಕಷ್ಟ ಆಗುತ್ತಿತ್ತು ಅಂತ ಗೊತ್ತಾಗುವುದಿಲ್ಲ ಅಲ್ವಾ? ಒಳ್ಳೆಯ ಪುಸ್ತಕ ಮೊದಲು ಉದ್ದನೆಯ ಇಫ್-ಎಲ್ಸ್ ಬರೆಸುತ್ತದೆ: ವೃತ್ತವಾದರೆ ಹೀಗೆ ವಿಸ್ತೀರ್ಣ ಲೆಕ್ಕ ಹಾಕು, ಆಯತವಾದರೆ ಹಾಗೆ. ಆಮೇಲೆ ತ್ರಿಕೋನ ಸೇರಿಸು ಅನ್ನುತ್ತದೆ. ನಾಲ್ಕು ಕಡೆ ತಿದ್ದಿ ಸುಸ್ತಾದಾಗ, ಪ್ರತಿ ಆಕೃತಿಯೂ ತನ್ನ ವಿಸ್ತೀರ್ಣವನ್ನು ತಾನೇ ಹೇಳಲಿ ಅಂತ ಬದಲಿಸುತ್ತದೆ. ಆಗ ಹೊಸ ಆಕೃತಿ ಬಂದರೂ ಒಟ್ಟು ಲೆಕ್ಕ ಹಾಕುವ ಲೂಪ್ ಮುಟ್ಟಬೇಕಾಗಿಲ್ಲ.

ಚೌಕವನ್ನು ಆಯತದ ಸಬ್‌ಕ್ಲಾಸ್ (ಅದರಿಂದ ಇನ್‌ಹೆರಿಟ್ ಮಾಡುವ ಕ್ಲಾಸ್) ಮಾಡಿ ಸುಮ್ನೆ ಮುಂದೆ ಹೋಗುವ ಪುಸ್ತಕದ ಬಗ್ಗೆ ಎಚ್ಚರ. ಗಣಿತದಲ್ಲಿ ಚೌಕವೂ ಆಯತವೇ. ಆದರೆ ಕೋಡ್‌ನಲ್ಲಿ ಅಗಲ 5, ಆಮೇಲೆ ಎತ್ತರ 4 ಅಂತ ಕೊಟ್ಟು ವಿಸ್ತೀರ್ಣ ಕೇಳಿ. ಆಯತ 20 ಅನ್ನುತ್ತದೆ. ಚೌಕ ತನ್ನ ಎರಡೂ ಬದಿಯನ್ನು ಸಮ ಇಟ್ಟುಕೊಳ್ಳಬೇಕಲ್ಲ, 16 ಅನ್ನುತ್ತದೆ. ಆಯತ ಅಂತ ನಂಬಿ ಬರೆದ ಕೋಡ್ ಅಲ್ಲಿ ಕೆಡುತ್ತದೆ. ಈ ತೊಡಕನ್ನು ಒಂದು ಪ್ಯಾರಾದಲ್ಲಾದರೂ ಹೇಳುವ ಪುಸ್ತಕ ಓದುಗರಿಗೆ ಮರ್ಯಾದೆ ಕೊಡುತ್ತದೆ.

ಹಾಗೇ 1994ರ ‘ಡಿಸೈನ್ ಪ್ಯಾಟರ್ನ್ಸ್’ ಪುಸ್ತಕವನ್ನು ಎಲ್ಲರೂ ಹೊಗಳುತ್ತಾರೆ ಅಂತ ಮೊದಲೇ ಕೈಗೆತ್ತಿಕೊಳ್ಳಬೇಡಿ. ಅದರಲ್ಲಿ 23 ಪ್ಯಾಟರ್ನ್‌ಗಳಿವೆ (ಪದೇ ಪದೇ ಬರುವ ತೊಡಕುಗಳಿಗೆ ಸಿದ್ಧ ವಿನ್ಯಾಸಗಳು), ಉದಾಹರಣೆಗಳು ಸಿ ಪ್ಲಸ್ ಪ್ಲಸ್ ಮತ್ತು ಸ್ಮಾಲ್‌ಟಾಕ್ ಅನ್ನುವ ಹಳೆಯ ಊಪ್ಸ್ ಭಾಷೆಯಲ್ಲಿವೆ. ಒಂದೆರಡು ಪ್ರೋಗ್ರಾಂ ಬರೆದು ಕಷ್ಟ ಅನುಭವಿಸಿದವರಿಗೆ ಅದು ಚಿನ್ನ. ಇನ್‌ಹೆರಿಟೆನ್ಸ್‌ಗಿಂತ ಆಬ್ಜೆಕ್ಟ್‌ಗಳನ್ನು ಜೋಡಿಸಿ ಕೆಲಸ ಮಾಡಿಸುವುದೇ ಮೇಲು ಅಂತ ಅದೇ ಪುಸ್ತಕ ಹೇಳುತ್ತದೆ.

ಪುಸ್ತಕ ಎಷ್ಟು ಹಳೆಯದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಆದರೆ ಅಂದುಕೊಂಡಷ್ಟಲ್ಲ. ಕ್ಲಾಸ್, ಸಬ್‌ಕ್ಲಾಸ್ ಅನ್ನುವ ವಿಚಾರ ನಾರ್ವೆಯ ಸಿಮ್ಯುಲಾ 67 ಅನ್ನುವ ಭಾಷೆಯಿಂದಲೇ ಇದೆ, ಅದು ಹಳತಾಗಿಲ್ಲ. ಹಳತಾಗುವುದು ಕೋಡ್. ಪೈಥಾನ್ ಪುಸ್ತಕದಲ್ಲಿ ಪ್ರಿಂಟ್ ಮುಂದೆ ಬ್ರಾಕೆಟ್ ಇಲ್ಲದಿದ್ದರೆ ಅದು ಪೈಥಾನ್ 2. ಅದಕ್ಕೆ 2020ರಲ್ಲೇ ಬೆಂಬಲ ನಿಂತಿದೆ. ಜಾವಾ ಪುಸ್ತಕದಲ್ಲಿ ಅರೇಲಿಸ್ಟ್ (ಜಾವಾದ ಒಂದು ಬಗೆಯ ಪಟ್ಟಿ) ಜೊತೆ ಟೈಪ್ ಹೆಸರೇ ಇಲ್ಲದಿದ್ದರೆ ಅದು 2004ರ ಜಾವಾ 5ಕ್ಕಿಂತ ಹಿಂದಿನ ಶೈಲಿ. ಸಿ ಪ್ಲಸ್ ಪ್ಲಸ್‌ನಲ್ಲಿ ಆಟೋ ಪಾಯಿಂಟರ್ (auto_ptr) ಬಳಸಿ ಅಂದರೆ ಮುಚ್ಚಿಡಿ, ಸಿ ಪ್ಲಸ್ ಪ್ಲಸ್ 17ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ಯಾವ ಭಾಷೆ? ಲೂಪ್, ಫಂಕ್ಷನ್ ಬರೆಯಲು ಬರುವ ಭಾಷೆಯಲ್ಲೇ ಊಪ್ಸ್ ಕಲಿಯಿರಿ. ಹೊಸ ಭಾಷೆ, ಹೊಸ ವಿಚಾರ ಎರಡನ್ನೂ ಒಟ್ಟಿಗೆ ಹೊರುವುದು ಜಾಸ್ತಿ ಆಗುತ್ತದೆ. ಪೈಥಾನ್ ಆರಿಸಿದವರಿಗೆ ಒಂದು ಮಾತು: ಅಲ್ಲಿ ಜಾವಾದಂತೆ ಕಟ್ಟುನಿಟ್ಟಿನ ಪ್ರೈವೇಟ್ ಇಲ್ಲ. ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕುವುದು ‘ಮುಟ್ಟಬೇಡಿ’ ಅನ್ನುವ ಒಪ್ಪಂದವಷ್ಟೇ. ಪುಸ್ತಕ ಇದನ್ನು ನೇರವಾಗಿ ಹೇಳಬೇಕು.

ಕೊನೆಗೆ ಅಭ್ಯಾಸದ ಪುಟ ತೆರೆಯಿರಿ. ‘ಪಾಲಿಮಾರ್ಫಿಸಂ ಎಂದರೇನು?’ ಅನ್ನುವಂಥ ಪ್ರಶ್ನೆಗಳೇ ತುಂಬಿದ್ದರೆ ಅದು ಪರೀಕ್ಷೆಯ ಪುಸ್ತಕ. ‘ಹಿಂದಿನ ಅಕೌಂಟ್ ಕ್ಲಾಸ್‌ಗೆ ದಿನದ ವಿತ್‌ಡ್ರಾ ಮಿತಿ ಸೇರಿಸಿ’ ಅಂತಿದ್ದರೆ ಕೂತು ಬರೆಯಿರಿ. ಮಿತಿ ಎಲ್ಲಿ ಇಡಬೇಕು, ಇವತ್ತು ಎಷ್ಟು ತೆಗೆದಿದ್ದಾರೆ ಅಂತ ಯಾರು ನೆನಪಿಡಬೇಕು, ದಿನ ಬದಲಾದದ್ದು ಆ ಆಬ್ಜೆಕ್ಟ್‌ಗೆ ಹೇಗೆ ತಿಳಿಯಬೇಕು? ಅಲ್ಲಿಯವರೆಗೆ ಓದಿದ್ದರಿಂದಲೇ ಈ ಮೂರಕ್ಕೂ ಒಂದು ಉತ್ತರ ಹೊಳೆದರೆ, ಆ ಪುಸ್ತಕವನ್ನೇ ಮುಂದುವರಿಸಿ.