ಬ್ರೇಕಿಲ್ಲದ ಬಗ್ಗಿಯ ವೇಗ ಇಳಿಸುವುದು ಹೇಗೆ?

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ, ನೆವಾಡಾ ಗಡಿಗೆ ಅಂಟಿಕೊಂಡಂತೆ ಇವಾನ್ಪಾ ಎಂಬ ಒಣಗಿದ ಕೆರೆಯಂಗಳವಿದೆ. ಅಲ್ಲಿ ಗಾಳಿಪಟ ಎಳೆಯುವ ಮೂರು ಚಕ್ರದ ಬಗ್ಗಿಗಳು ಗಂಟೆಗೆ 130 ಕಿ.ಮೀ.ಗೂ ಮೀರಿ ಓಡಿವೆ. ಎಂಜಿನ್ ಇಲ್ಲ, ಸಾಮಾನ್ಯವಾಗಿ ಬ್ರೇಕೂ ಇಲ್ಲ. ನ್ಯೂಜಿಲೆಂಡಿನ ಪೀಟರ್ ಲಿನ್ 1990ರ ಸುಮಾರಿಗೆ ಜನಪ್ರಿಯಗೊಳಿಸಿದ ಈ ಗಾಡಿಯಲ್ಲಿ ಸವಾರ ನೆಲಮಟ್ಟದಲ್ಲಿ ಕಾಲು ಚಾಚಿ ಕೂರುತ್ತಾನೆ. ಮುಂದಿನ ಚಕ್ರದ ಎರಡೂ ಬದಿಯ ಸರಳುಗಳನ್ನು ಪಾದದಿಂದ ಒತ್ತಿ ತಿರುಗಿಸುತ್ತಾನೆ. ಕೈಗಳೆರಡೂ ಪಟಕ್ಕೇ ಮೀಸಲು.

ಒಂದು ಬ್ರೇಕ್ ಜೋಡಿಸಿದರೆ ಆಗದೇ? ಪಟ ಬಗ್ಗಿಯನ್ನು ಮುಂದಕ್ಕಷ್ಟೇ ಅಲ್ಲ, ಪಕ್ಕಕ್ಕೂ ಎಳೆಯುತ್ತಿರುತ್ತದೆ. ಆ ಎಳೆತವನ್ನು ತಡೆಯುವುದು ಟೈರುಗಳ ಹಿಡಿತ. ಚಕ್ರ ಬಿಗಿದು ನಿಂತರೆ ಆ ಹಿಡಿತವೇ ಹೋಗಿ, ಗಾಡಿ ಅಡ್ಡಡ್ಡ ಜಾರತೊಡಗುತ್ತದೆ. ಹಾಗಾಗಿ ವೇಗ ಇಳಿಸುವ ಕೆಲಸವೆಲ್ಲ ಪಟದ್ದು ಮತ್ತು ದಿಕ್ಕಿನದು.

ಇಲ್ಲಿ ಲೆಕ್ಕಕ್ಕೆ ಬರುವುದು ಬೀಸುವ ಗಾಳಿಯಲ್ಲ, ಪಟಕ್ಕೆ ತಾಗುವ ಗಾಳಿ. ಗಾಳಿ ನಿಂತ ದಿನವೂ ಬೈಕಿನಲ್ಲಿ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲ, ಅದೇ. 30 ಕಿ.ಮೀ. ವೇಗದ ಗಾಳಿಗೆ ಅಡ್ಡವಾಗಿ ಬಗ್ಗಿ 60ರಲ್ಲಿ ಓಡುತ್ತಿದ್ದರೆ ಪಟಕ್ಕೆ ತಾಗುವುದು ಸುಮಾರು 67 ಕಿ.ಮೀ. ಗಾಳಿ. ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ನಿಂತಲ್ಲಿ ಸಿಗುವುದರ ಐದು ಪಟ್ಟು ಎಳೆಯುವ ಶಕ್ತಿ ಆಗ ಅದಕ್ಕಿರುತ್ತದೆ. ಹೊಸಬರು ಗಾಬರಿಯಲ್ಲಿ ಪಟವನ್ನು ಸರಕ್ಕನೆ ನೆತ್ತಿಯ ಮೇಲಕ್ಕೆ ತರುತ್ತಾರೆ. ನಿಧಾನವಾಗಿ ಹೋಗುವಾಗ ಇದು ಸರಿಯಾದ ಉಪಾಯ. ವೇಗದಲ್ಲಿ ಮಾತ್ರ ಆ ಐದು ಪಟ್ಟು ಎಳೆತವೆಲ್ಲ ಮೇಲ್ಮುಖವಾಗಿ, ಸವಾರನನ್ನು ಸೀಟಿನಿಂದ ಕಿತ್ತು ಎತ್ತಬಲ್ಲದು.

ಪಳಗಿದವರು ಪಟವನ್ನು ಕೆಳಗೇ, ಮುಂಭಾಗದಲ್ಲೇ ಇಟ್ಟುಕೊಂಡು ಬಗ್ಗಿಯನ್ನು ಸ್ವಲ್ಪಸ್ವಲ್ಪವಾಗಿ ಗಾಳಿಗೆದುರಾಗಿ ತಿರುಗಿಸುತ್ತಾರೆ. ಮುಂದಕ್ಕೆಳೆಯುವ ಪಾಲು ಕರಗುತ್ತದೆ. ಉಳಿದ ವೇಗವನ್ನು ನೆಲದ ಘರ್ಷಣೆ ಮತ್ತು ಎದುರುಗಾಳಿ ತಿಂದುಹಾಕುತ್ತವೆ. ಇದಕ್ಕೆ ಜಾಗ ಬೇಕು, ನಾವು ಅಂದಾಜಿಸುವುದಕ್ಕಿಂತ ಹೆಚ್ಚೇ ಬೇಕು: 36 ಕಿ.ಮೀ.ಯಲ್ಲಿ 20 ಮೀಟರ್ ತ್ರಿಜ್ಯದ ತಿರುವು ಸಾಕೆನಿಸಿದರೆ, 72ರಲ್ಲಿ ಅಷ್ಟೇ ಹಿತವಾಗಿ ತಿರುಗಲು 80 ಮೀಟರ್ ಬೇಕು. ಅವಸರಪಟ್ಟರೆ ಗಾಡಿ ಜಾರುತ್ತದೆ, ಇಲ್ಲವೇ ಮಗುಚುತ್ತದೆ.

ಎದುರು ಜಾಗವಿಲ್ಲದಿದ್ದರೆ ಗಾಳಿ ಹೋಗುವ ಕಡೆಗೇ ತಿರುಗುವುದುಂಟು. ಪಟಕ್ಕೆ ತಾಗುವ ಗಾಳಿ ಕೂಡಲೇ ಕುಸಿಯುತ್ತದೆ, ಎಳೆತ ಸಡಿಲವಾಗುತ್ತದೆ. ಆದರೆ ಬಗ್ಗಿ ಗಾಳಿಗಿಂತ ವೇಗವಾಗಿದ್ದರೆ ದಾರಗಳು ಜೋಲಾಡಿ ಚಕ್ರಕ್ಕೆ ಸುತ್ತಿಕೊಳ್ಳಬಹುದು. ನನ್ನ ಮಟ್ಟಿಗೆ ಇದು ಎರಡನೆಯ ಆಯ್ಕೆಯೇ.

ಕೊನೆಯ ಉಪಾಯ ಮಣಿಕಟ್ಟಿನಲ್ಲಿರುತ್ತದೆ. ನಾಲ್ಕು ದಾರದ ಪಟದಲ್ಲಿ ಮೇಲಿನ ಎರಡು ಎಳೆತದ ಭಾರ ಹೊರುತ್ತವೆ, ಕೆಳಗಿನ ಎರಡು ಪಟದ ಹಿಂಬದಿ ಅಂಚನ್ನು ಎಳೆಯುತ್ತವೆ. ಈ ಕೆಳದಾರಗಳಿಗೆ ಕಟ್ಟಿದ ಪಟ್ಟಿ ಮಣಿಕಟ್ಟಿಗೆ ಬಿಗಿದಿರುತ್ತದೆ. ಹ್ಯಾಂಡಲ್ ಬಿಟ್ಟುಬಿಟ್ಟರೆ ಭಾರವೆಲ್ಲ ಅವಕ್ಕೇ ಬಿದ್ದು, ಪಟ ಬಾವುಟದಂತೆ ಪಟಪಟ ಬಡಿದು ಸೋಲುತ್ತದೆ. ಎಳೆತಕ್ಕೆ ವಿರುದ್ಧ ವಾಲಿ ಕೂತಿದ್ದ ಸವಾರ ಆ ಕ್ಷಣ ತೂಕ ತಪ್ಪದಂತೆ ನೋಡಿಕೊಳ್ಳಬೇಕು, ಮುಂದಿನ ಚಕ್ರವನ್ನು ನೇರ ಹಿಡಿಯಬೇಕು. ಕಾಲನ್ನಂತೂ ನೆಲಕ್ಕೆ ಊರಲೇಬಾರದು. ಪಾದ ಹಿಂದಕ್ಕೆ ಸೆಳೆದು ಹಿಂಬದಿ ಅಚ್ಚಿನಡಿ ಸಿಕ್ಕಿಕೊಳ್ಳುತ್ತದೆ.